ಮುಂಗಾರಿನ ನಡುವೇಳೆಯ ಮೆಕ್ಕೆಜೋಳ: ಹೊಲದ ಸ್ಥಿತಿಯೂ ಪೇಟೆಯ ಲೆಕ್ಕವೂ

ದಾವಣಗೆರೆ, ಹಾವೇರಿ, ರಾಣೇಬೆನ್ನೂರು ಮೊದಲಾದ ಕೃಷಿ ಉತ್ಪನ್ನ ಮಾರುಕಟ್ಟೆಗಳ ಪ್ರಾಂಗಣಗಳಲ್ಲಿ ಜುಲೈ ಮತ್ತು ಆಗಸ್ಟ್ ಮೆಕ್ಕೆಜೋಳದ ಮಟ್ಟಿಗೆ ಬಿಡುವಿನ ತಿಂಗಳುಗಳು. ಹಳೆಯ ದಾಸ್ತಾನು ಬಹುಪಾಲು ಕರಗಿರುತ್ತದೆ. ಹೊಸ ಮಾಲು ಬರಲು ಇನ್ನೂ ಎರಡು ತಿಂಗಳು ಬೇಕು. ಹಮಾಲರಲ್ಲಿ ಅನೇಕರು ತಂತಮ್ಮ ಊರಿನ ಹೊಲಗೆಲಸಕ್ಕೆ ಮರಳಿರುತ್ತಾರೆ. ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ ಈ ಅವಧಿ ಖಾಲಿಯೆಂದು ತೋರುವುದು ಸಹಜವಾದರೂ ಅಕ್ಟೋಬರ್ ಕಡೆಯಲ್ಲಿ ಪ್ರಾಂಗಣಕ್ಕೆ ಎಷ್ಟು ಚೀಲ ಬರಲಿದೆ, ಕಾಳು ಗಟ್ಟಿಯಾಗಿರುವುದೋ ಜೊಳ್ಳಾಗಿರುವುದೋ, ರೈತನ ಕೈಬಡ್ಡಿ ಸಾಲ ತೀರುವುದೋ ಉಳಿಯುವುದೋ ಎಂಬುದೆಲ್ಲ ತೀರ್ಮಾನವಾಗುವುದು ಈ ಎರಡು ತಿಂಗಳಲ್ಲಿಯೇ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಪುನರ್ವಸು ಮಳೆಯಿಂದ ಮಘಾ ಮಳೆಯವರೆಗಿನ ಏಳೆಂಟು ವಾರಗಳು ಈ ಬೆಳೆಯ ನ್ಯಾಯಸ್ಥಾನವಿದ್ದಂತೆ.

ಧಾರವಾಡ, ಹಾವೇರಿ ಸೀಮೆಯಲ್ಲಿ ಗೋವಿನಜೋಳವೆಂದೂ ಮೈಸೂರು ಸೀಮೆಯಲ್ಲಿ ಮುಸುಕಿನ ಜೋಳವೆಂದೂ ಕರೆಯಲ್ಪಡುವ ಈ ಧಾನ್ಯ ರಾಜ್ಯದ ಮುಂಗಾರು ಬೇಸಾಯದಲ್ಲಿ ಪಡೆದಿರುವ ಸ್ಥಾನ ದೊಡ್ಡದು. ದೇಶದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯ ಸುತ್ತಲಿನ ಹೊಲಗಳಲ್ಲಿ ಇಂದು ಕಣ್ಣು ಹಾಯಿಸಿದಲ್ಲೆಲ್ಲ ಕಾಣುವುದು ಮೆಕ್ಕೆಜೋಳವೇ. ಹತ್ತಿ, ಶೇಂಗಾ, ಬಿಳಿಜೋಳಗಳ ಜಾಗವನ್ನು ಇದು ಒಂದೊಂದಾಗಿ ಆಕ್ರಮಿಸಿದ್ದಕ್ಕೆ ಕಾರಣ ಸ್ಪಷ್ಟ: ಆಳು ಕಡಿಮೆ, ಒಕ್ಕಣೆಗೆ ಯಂತ್ರ ಸಿಗುತ್ತದೆ, ಕೊಳ್ಳುವವರು ಸದಾ ಇದ್ದಾರೆ. ಕೊಳ್ಳುವವರು ಸದಾ ಇದ್ದಾರೆಂಬ ಈ ಕಡೆಯ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದು 2025ರ ಹಂಗಾಮಿನಲ್ಲಿ ಪರೀಕ್ಷೆಗೆ ಒಳಗಾಯಿತು. ಆ ವಿಷಯ ಮುಂದೆ ಬರಲಿದೆ.

ಮೊದಲು ಬಿತ್ತನೆಯ ದಿನ ಕೇಳಬೇಕು

ನಡುಹಂಗಾಮಿನಲ್ಲಿ ಬೆಳೆಯ ಸ್ಥಿತಿಯನ್ನು ಅಳೆಯಹೊರಟವರು ಮೊದಲು ಕೇಳಬೇಕಾದುದು ಮಳೆ ಎಷ್ಟಾಯಿತೆಂದಲ್ಲ, ಬಿತ್ತಿದ್ದು ಯಾವಾಗ ಎಂದು. ಹೆಚ್ಚಿನ ಸಂಕರಣ ತಳಿಗಳಲ್ಲಿ ಬಿತ್ತಿದ ಐವತ್ತರಿಂದ ಐವತ್ತೈದು ದಿನಗಳಿಗೆ ಸೂಲಂಗಿ ಹೊರಡುತ್ತದೆ. ಜೂನ್ ಮೊದಲ ವಾರ ಬಿತ್ತಿದ ಹೊಲ ಜುಲೈ ಕಡೆಯ ವಾರದಲ್ಲಿ, ಅಂದರೆ ಪುಷ್ಯ ಮಳೆಯಲ್ಲಿ ಹೂವಿಗೆ ಬರುತ್ತದೆ. ಜುಲೈ ಮೊದಲ ವಾರ ಬಿತ್ತಿದ ಹೊಲಕ್ಕೆ ಮಘಾ ಮಳೆಯೇ ಗತಿ. ಒಂದೇ ಹೋಬಳಿಯ ಎರಡು ಊರುಗಳಿಗೆ ಒಂದೇ ಪ್ರಮಾಣದ ಮಳೆ ಬಿದ್ದಿದ್ದರೂ ಒಂದು ಊರಿನ ಬೆಳೆ ಉಳಿದು ಇನ್ನೊಂದರದು ಒಣಗುವುದಕ್ಕೆ ಬಹುಮಟ್ಟಿಗೆ ಕಾರಣ ಈ ನಾಲ್ಕು ವಾರಗಳ ಅಂತರವೇ. ಜಿಲ್ಲೆಯ ಸರಾಸರಿ ಮಳೆಯ ಅಂಕಿಯನ್ನು ಮಾತ್ರ ನೋಡಿ ಆವಕವನ್ನು ಅಂದಾಜು ಮಾಡುವ ವರ್ತಕರು ಮೋಸಹೋಗುವುದು ಇಲ್ಲಿಯೇ.

2025ರಲ್ಲಿ ನೈರುತ್ಯ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ವಾಡಿಕೆಯ ದಿನವಾದ ಜೂನ್ 1ಕ್ಕೆ ಹೋಲಿಸಿದರೆ ಎಂಟು ದಿನ ಮುಂಚಿತ. 2009ರ ನಂತರ ಅಷ್ಟು ಬೇಗ ಬಂದ ಮುಂಗಾರು ಅದೇ. ಮೇ ತಿಂಗಳ ಮಳೆಗೇ ಹದ ಸಿಕ್ಕಿದ್ದರಿಂದ ಅನೇಕ ಕಡೆ ಬಿತ್ತನೆ ಬೇಗನೆ ನಡೆಯಿತು. ಬೇಗ ಬಿತ್ತಿದ್ದು ಒಳ್ಳೆಯದೆಂಬ ಸಾಮಾನ್ಯ ನಂಬಿಕೆ ಅರ್ಧ ಸತ್ಯ ಮಾತ್ರ. ಮೇ ಕಡೆಯಲ್ಲಿ ಬಿತ್ತಿದ ಬೆಳೆ ಸೆಪ್ಟೆಂಬರ್ ಮಧ್ಯದಲ್ಲಿ, ಮಳೆ ಇನ್ನೂ ಬಿಡದಿರುವಾಗಲೇ ಕಟಾವಿಗೆ ಬಂದು ನಿಲ್ಲುತ್ತದೆ. ಅದರ ಪರಿಣಾಮವನ್ನು ಕಾಳಿನ ತೇವಾಂಶದಲ್ಲಿ ಕಾಣಬಹುದು.

ಬಿತ್ತನೆಯ ದಿನದ ನಂತರ ನೋಡಬೇಕಾದುದು ಗಿಡಗಳ ಸಂಖ್ಯೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 33,000 ಗಿಡಗಳಿರಬೇಕು. ಮೊಳಕೆ ಬಾರದಿದ್ದುದು, ಹಕ್ಕಿ ಹೆಕ್ಕಿದ್ದು, ಎಡೆ ಹೊಡೆಯುವಾಗ ಮುರಿದದ್ದು ಇವೆಲ್ಲ ಕಳೆದು ಇಪ್ಪತ್ತೇಳು, ಇಪ್ಪತ್ತೆಂಟು ಸಾವಿರ ಉಳಿದರೆ ಮಳೆಯಾಶ್ರಿತ ಹೊಲಕ್ಕೆ ಸಮಾಧಾನಕರವೆನ್ನಬಹುದು. ಇಪ್ಪತ್ತು ಸಾವಿರಕ್ಕೆ ಇಳಿದ ಹೊಲವನ್ನು ಮುಂದೆ ಎಷ್ಟು ಗೊಬ್ಬರ ಹಾಕಿದರೂ ಮೇಲೆತ್ತಲಾಗದು.

ಒಂದೂವರೆ ಚೀಲದ ಪ್ರಶ್ನೆ

ಬೆಳೆ ಮೊಣಕಾಲೆತ್ತರಕ್ಕೆ ಬಂದಾಗ, ಅಂದರೆ ಬಿತ್ತಿದ ಸುಮಾರು ಮೂವತ್ತು ದಿನಕ್ಕೆ, ಮೇಲುಗೊಬ್ಬರದ ಮೊದಲ ಕಂತು ಬೀಳಬೇಕು. ರೈತರ ಸಂಕಟವೆಲ್ಲ ಇಲ್ಲಿಂದ ಆರಂಭವಾಗುತ್ತದೆ. ಇದೇ ಸಮಯಕ್ಕೆ ನಾಡಿನ ಸಕಲ ಮೆಕ್ಕೆಜೋಳದ ಹೊಲಗಳಿಗೂ ಭತ್ತದ ಗದ್ದೆಗಳಿಗೂ ಯೂರಿಯಾ ಬೇಕಾಗುತ್ತದೆ. 2025ರ ಜುಲೈನಲ್ಲಿ ಹಲವು ಜಿಲ್ಲೆಗಳ ಗೊಬ್ಬರದ ಅಂಗಡಿಗಳ ಮುಂದೆ ನಸುಕಿನಿಂದಲೇ ಸರದಿ ಸಾಲುಗಳು ಬೆಳೆದುದು, ಪ್ರತಿಭಟನೆಗಳು ನಡೆದುದು, ಪೂರೈಕೆಯ ಕುರಿತು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನಡುವೆ ಪತ್ರಗಳೂ ಹೇಳಿಕೆಗಳೂ ಓಡಾಡಿದುದು ವರ್ತಕರಿಗೆ ನೆನಪಿರಬಹುದು. ಬೇಗ ಬಂದ ಮಳೆ ಮತ್ತು ಹಿಗ್ಗಿದ ಮೆಕ್ಕೆಜೋಳದ ವಿಸ್ತೀರ್ಣ ಬೇಡಿಕೆಯನ್ನು ಹಿಂದಕ್ಕೆಳೆದು ಒಂದೇ ತಿಂಗಳಿಗೆ ಕಟ್ಟಿಹಾಕಿದ್ದವು.

ಕೊರತೆ ನಿಜವಾದುದೇ. ಆದರೆ ಅಗತ್ಯವೆಷ್ಟೆಂಬ ಲೆಕ್ಕವನ್ನೂ ಹಾಕಿ ನೋಡುವುದು ಯೋಗ್ಯ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಶಿಫಾರಸಾಗಿರುವುದು ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ ಸಾರಜನಕ 40 ಕಿಲೋ. ಬಿತ್ತುವಾಗ 50 ಕಿಲೋದ ಒಂದು ಚೀಲ ಡಿ.ಎ.ಪಿ. ಹಾಕಿದ್ದರೆ ಅದರಲ್ಲಿಯೇ 9 ಕಿಲೋ ಸಾರಜನಕ ಬಂದಿರುತ್ತದೆ. ಉಳಿದ 31 ಕಿಲೋಗೆ ಬೇಕಾದುದು 67 ಕಿಲೋ ಯೂರಿಯಾ. ಯೂರಿಯಾದ ಚೀಲ 2018ರಲ್ಲಿ 50 ಕಿಲೋದಿಂದ 45 ಕಿಲೋಗೆ ಇಳಿದಿದ್ದು, ಒಂದು ಚೀಲದಲ್ಲಿರುವ ಸಾರಜನಕ 20.7 ಕಿಲೋ. ಆ ಪ್ರಕಾರ ಎಕರೆಯೊಂದಕ್ಕೆ ಇಡೀ ಹಂಗಾಮಿಗೆ ಸಾಕಾಗುವುದು ಒಂದೂವರೆ ಚೀಲ, ಅದೂ ಎರಡು ಕಂತುಗಳಲ್ಲಿ: ಮೊಣಕಾಲೆತ್ತರದಲ್ಲಿ ಒಮ್ಮೆ, ಸೂಲಂಗಿಗೆ ಮುಂಚೆ ಮತ್ತೊಮ್ಮೆ. ನೀರಾವರಿ ಹೊಲಕ್ಕೆ ಪ್ರಮಾಣ ಇದಕ್ಕಿಂತ ಹೆಚ್ಚೆಂಬುದು ಬೇರೆ ಮಾತು.

ಆದರೂ ಮಳೆಯಾಶ್ರಿತ ಹೊಲಗಳಿಗೆ ಮೂರು ಚೀಲ ಸುರಿಯುವ ರೂಢಿ ಕೆಲವೆಡೆ ಬೇರೂರಿದೆ. ಸಬ್ಸಿಡಿಯ ಕೃಪೆಯಿಂದ ಚೀಲಕ್ಕೆ ರೂ. 266.50 ದರದಲ್ಲಿ ಸಿಗುವ ಯೂರಿಯಾ ಪೊಟ್ಯಾಷ್, ಸತುವುಗಳ ಮುಂದೆ ಅಗ್ಗವಾಗಿ ಕಾಣುತ್ತದೆ. ಹಾಕಿದ ನಾಲ್ಕೈದು ದಿನಗಳಲ್ಲಿ ಹೊಲ ಕಪ್ಪು ಹಸಿರಿಗೆ ತಿರುಗುವುದು ಕಣ್ಣಿಗೆ ಕಾಣುತ್ತದೆ. ಮೆದುವಾದ ಆ ಹಸಿರು ಎಲೆ ಹುಳುವಿಗೂ ಅಷ್ಟೇ ಪ್ರಿಯವೆಂಬುದು, ಕಾಂಡ ಬಲವಿಲ್ಲದೆ ಗಾಳಿಗೆ ಒರಗುವುದು ಆಮೇಲಿನ ಮಾತು. ಎಲೆಯ ತುದಿಯಿಂದ ಆರಂಭವಾಗಿ ನಡುನರದ ಗುಂಟ ಹಳದಿ ಇಳಿದಿದ್ದರೆ ಮಾತ್ರ ಸಾರಜನಕದ ಕೊರತೆ. ಅದೂ ಕೆಳಗಿನ ಹಳೆಯ ಎಲೆಗಳಲ್ಲಿ ಮೊದಲು ಕಾಣಬೇಕು. ಎಲೆಯ ಅಂಚು ಸುಟ್ಟಂತಾಗಿದ್ದರೆ ಪೊಟ್ಯಾಷ್ ಸಾಲದು. ಎಳೆಯ ಗಿಡದ ಸುಳಿ ಬೆಳ್ಳಗಾಗಿದ್ದರೆ ಸತುವಿನ ಕೊರತೆಯಿರಬಹುದು. ಎಲೆ ಊದಾ ಬಣ್ಣಕ್ಕೆ ತಿರುಗಿದ್ದರೆ ರಂಜಕದತ್ತ ಗಮನ ಹೋಗಬೇಕು. ಈ ನಾಲ್ಕಕ್ಕೂ ಯೂರಿಯಾವನ್ನೇ ಮದ್ದಾಗಿ ಹಾಕುವುದರಿಂದ ಅಂಗಡಿಯ ಮುಂದಿನ ಸಾಲು ಉದ್ದವಾಗುತ್ತದೆಯೇ ಹೊರತು ತೆನೆ ಉದ್ದವಾಗುವುದಿಲ್ಲ.

ಹಾಕುವ ವೇಳೆಯೂ ಮುಖ್ಯ. ಒಣ ನೆಲದ ಮೇಲೆ ಎರಚಿದ ಯೂರಿಯಾದ ಒಂದು ಪಾಲು ಅನಿಲವಾಗಿ ಗಾಳಿ ಸೇರುತ್ತದೆ. ನೀರು ನಿಂತ ಹೊಲದಲ್ಲಿ ಅದು ಬೇರಿಗೆ ದಕ್ಕುವುದೇ ಇಲ್ಲ. ಕಪ್ಪು ನೆಲದಲ್ಲಿ ಎರಡು ಮೂರು ದಿನ ನೀರು ನಿಂತರೆ ಬೇರಿಗೆ ಉಸಿರು ಕಟ್ಟಿ ಬೆಳೆ ಹಳದಿಯಾಗುತ್ತದೆ. ಆಗ ಮೊದಲ ಕೆಲಸ ಬಸಿಗಾಲುವೆ ತೆಗೆದು ನೀರು ಹೊರಹಾಕುವುದು, ಎರಡನೆಯದು ನೆಲ ಆರಿದ ಮೇಲೆ ಎಡೆಕುಂಟೆ ಹೊಡೆದು ಮಣ್ಣಿಗೆ ಗಾಳಿಯಾಡಿಸುವುದು, ಗೊಬ್ಬರ ಮೂರನೆಯದು. ಬೇರು ಚೇತರಿಸಿಕೊಳ್ಳುವವರೆಗೆ ಶೇ. 2ರ ಯೂರಿಯಾ ದ್ರಾವಣವನ್ನು ಎಲೆಗೆ ಸಿಂಪಡಿಸುವುದುಂಟು. ಸಾಲಿನ ಪಕ್ಕ ಗೊಬ್ಬರವಿಟ್ಟು ಎಡೆ ಹೊಡೆದು ಬುಡಕ್ಕೆ ಮಣ್ಣೇರಿಸುವ ಹಳೆಯ ಪದ್ಧತಿ ಒಂದೇ ಓಟಕ್ಕೆ ಕಳೆ, ಗೊಬ್ಬರ, ಗಿಡದ ಬಲ ಮೂರನ್ನೂ ಸಾಧಿಸುತ್ತದೆ. ಎತ್ತಿನ ಜೋಡಿಗಳು ವಿರಳವಾದಂತೆ ಈ ಕೆಲಸಕ್ಕೆ ಬಾಡಿಗೆ ಏರಿದೆ. ಅನೇಕರು ಟೆಂಬೋಟ್ರಯಾನ್‌ನಂತಹ ಕಳೆನಾಶಕಗಳತ್ತ ಹೊರಳಿದ್ದಾರೆ. ಮೆಕ್ಕೆಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿದವರು ಇದನ್ನು ಬಳಸುವಂತಿಲ್ಲ. ಕಳೆಯೊಡನೆ ತೊಗರಿಯೂ ಹೋಗುತ್ತದೆ.

ಸುಳಿಯೊಳಗಿನ ಶತ್ರು

2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟತಜ್ಞರು ಮೆಕ್ಕೆಜೋಳದ ಹೊಲವೊಂದರಲ್ಲಿ ಅಪರಿಚಿತ ಹುಳುವನ್ನು ಗುರುತಿಸಿದರು. ಅಮೆರಿಕ ಖಂಡದ ಮೂಲದ, 2016ರಲ್ಲಿ ಆಫ್ರಿಕವನ್ನು ಹೊಕ್ಕಿದ್ದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಹೀಗೆ, ಕರ್ನಾಟಕದಲ್ಲಿ. ಮರುವರ್ಷದ ಹೊತ್ತಿಗೆ ಅದು ಈಶಾನ್ಯ ರಾಜ್ಯಗಳವರೆಗೆ ಹಬ್ಬಿತ್ತು. ರೈತರು ಇದನ್ನು ಲದ್ದಿ ಹುಳುವೆಂದೇ ಕರೆಯುತ್ತಾರೆ. ಸುಳಿಯೊಳಗೆ ಮರದ ಹುಡಿಯಂತೆ ಕಾಣುವ ಲದ್ದಿಯೇ ಅದರ ಗುರುತು. ತಲೆಯ ಮೇಲೆ ತಲೆಕೆಳಗಾದ ಕವಲುಕೋಲಿನ ಆಕಾರದ ಬಿಳಿ ಗೆರೆ, ಬಾಲದ ಬಳಿ ಚೌಕಾಕಾರವಾಗಿ ಜೋಡಿಸಿದ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಸಂಶಯವೇ ಬೇಡ.

ಈ ಹುಳುವಿನ ವಿಷಯದಲ್ಲಿ ಹಣ ಪೋಲಾಗುವುದು ಔಷಧಿಯ ಆಯ್ಕೆಗಿಂತ ಹೆಚ್ಚಾಗಿ ಸಿಂಪಡಿಸುವ ವೇಳೆಯಿಂದ. ತತ್ತಿಗಳು ನೂರು ಇನ್ನೂರರ ಗುಂಪಿನಲ್ಲಿರುತ್ತವೆ. ಮೊದಲೆರಡು ಹಂತದ ಮರಿಗಳು ಎಲೆಯನ್ನು ಕೆರೆದು ಕಿಟಕಿ ಗಾಜಿನಂತೆ ತೆಳುವಾಗಿಸುತ್ತವೆ. ಸಿಂಪಡಣೆ ಫಲಿಸುವುದು ಆಗ. ಹುಳು ದೊಡ್ಡದಾಗಿ ಸುಳಿಯೊಳಗೆ ಇಳಿದು ತನ್ನದೇ ಲದ್ದಿಯಿಂದ ಬಾಗಿಲು ಮುಚ್ಚಿಕೊಂಡ ಮೇಲೆ ಎಷ್ಟು ಬಲವಾದ ಔಷಧಿಯೂ ಅದನ್ನು ಮುಟ್ಟದು. ಎಳೆಯ ಬೆಳೆಯಲ್ಲಿ ನೂರಕ್ಕೆ ಐದು ಗಿಡ, ಸುಳಿಯ ನಡುಹಂತದಲ್ಲಿ ನೂರಕ್ಕೆ ಹತ್ತು ಗಿಡ ಬಾಧೆಗೆ ಒಳಗಾದಾಗ ಸಿಂಪಡಣೆಗೆ ಇಳಿಯಬೇಕೆಂಬುದು ವಿಜ್ಞಾನಿಗಳ ಸಲಹೆ. ಅದನ್ನು ತಿಳಿಯಲು ವಾರಕ್ಕೆರಡು ಬಾರಿ ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡಗಳ ಸುಳಿ ಬಿಡಿಸಿ ನೋಡಿದರೆ ಸಾಕು. ಅರ್ಧ ಗಂಟೆಯ ಈ ಕೆಲಸವನ್ನು ಮಾಡುವವರು ಕಡಿಮೆ. ಪಕ್ಕದ ಹೊಲದವರು ಹೊಡೆದರೆಂದು ತಾವೂ ಹೊಡೆಯುವವರು ಹೆಚ್ಚು.

ಎಮಾಮೆಕ್ಟಿನ್ ಬೆಂಜೊಯೇಟ್ ಲೀಟರಿಗೆ 0.4 ಗ್ರಾಂ, ಕ್ಲೋರಾಂಟ್ರಾನಿಲಿಪ್ರೋಲ್ ಲೀಟರಿಗೆ 0.4 ಮಿಲಿ, ಸ್ಪೈನೆಟೋರಾಮ್ ಲೀಟರಿಗೆ 0.5 ಮಿಲಿ ಇವು ಶಿಫಾರಸಿನಲ್ಲಿರುವ ಪ್ರಮಾಣಗಳು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಬಳಸದೆ ಬದಲಿಸಬೇಕು, ನಳಿಕೆಯ ಬಾಯಿ ನೇರವಾಗಿ ಸುಳಿಯತ್ತ ಇರಬೇಕು, ಮುಂಜಾನೆ ಅಥವಾ ಸಂಜೆಯೇ ಆಗಬೇಕು. ಮೋಡ ಮುಸುಕಿದ ತೇವದ ದಿನಗಳಲ್ಲಿ ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರದ ಪುಡಿಯನ್ನು ಸುಳಿಗೆ ಸಿಂಪಡಿಸಿದರೆ ಹುಳುಗಳು ಬಿಳಿಚಿಕೊಂಡು ಗಟ್ಟಿಯಾಗಿ ಸಾಯುತ್ತವೆ. ಖರ್ಚು ಕಡಿಮೆಯಾದ ಈ ದಾರಿ ಮಳೆಗಾಲದ ಮೆಕ್ಕೆಜೋಳಕ್ಕೆ ಹೇಳಿ ಮಾಡಿಸಿದಂತಿದ್ದರೂ ಪೇಟೆಯಲ್ಲಿ ಸರಿಯಾದ ಗುಣಮಟ್ಟದ್ದು ಸಕಾಲಕ್ಕೆ ಸಿಗದಿರುವುದು ದೊಡ್ಡ ತೊಡಕು. ದೊಡ್ಡ ಹುಳುಗಳಿಗಾದರೆ ಹತ್ತು ಕಿಲೋ ಅಕ್ಕಿ ತೌಡಿಗೆ ಎರಡು ಕಿಲೋ ಬೆಲ್ಲ ಬೆರೆಸಿ, ಎರಡು ಮೂರು ಲೀಟರ್ ನೀರು ಹಾಕಿ, ಒಂದು ದಿನ ಹುದುಗಿಸಿ, ರೈತ ಸಂಪರ್ಕ ಕೇಂದ್ರ ಸೂಚಿಸಿದ ಕೀಟನಾಶಕವನ್ನು ಸೇರಿಸಿದ ವಿಷಪಾಷಾಣವನ್ನು ಚಿಟಿಕೆಯಷ್ಟು ಸುಳಿಗೆ ಉದುರಿಸುವುದೇ ಉಪಾಯ. ಸೂಲಂಗಿ ಹೊರಟ ಮೇಲೆ ರಾಸಾಯನಿಕಕ್ಕೆ ಖರ್ಚು ಮಾಡುವುದು ಸಾಮಾನ್ಯವಾಗಿ ವ್ಯರ್ಥ.

ರೋಗಗಳ ಪೈಕಿ ಎರಡನ್ನು ಮಾತ್ರ ಹೇಳಿದರೆ ಸಾಕು. ತಂಪು ಮತ್ತು ಜಿಟಿಜಿಟಿ ಮಳೆ ಮುಂದುವರಿದರೆ ಟರ್ಸಿಕಂ ಎಲೆ ಅಂಗಮಾರಿ ದೋಣಿಯಾಕಾರದ ಬೂದು ಮಚ್ಚೆಗಳಾಗಿ ಕೆಳಗಿನ ಎಲೆಗಳಿಂದ ಮೇಲೇರುತ್ತದೆ. ತೆನೆಯ ಬಳಿಯ ಎಲೆಗಳನ್ನು ಅದು ತಲಪುವ ಮುನ್ನ ಮ್ಯಾಂಕೊಜೆಬ್ ಲೀಟರಿಗೆ 2.5 ಗ್ರಾಂ ಸಿಂಪಡಿಸುವುದು ವಾಡಿಕೆ. ಕೇದಿಗೆ ರೋಗ ಬಂದ ಗಿಡದ ಎಲೆ ಬೆಳ್ಳಗೆ ಕಿರಿದಾಗಿ ನೆಟ್ಟಗೆ ನಿಲ್ಲುತ್ತದೆ, ಅಂತಹ ಗಿಡದಲ್ಲಿ ತೆನೆ ಕಟ್ಟುವುದೇ ದುರ್ಲಭ. ಕಂಡೊಡನೆ ಕಿತ್ತು ಸುಡುವುದು ಕ್ಷೇಮ. ಅದರ ನಿಜವಾದ ಚಿಕಿತ್ಸೆ ಬೀಜೋಪಚಾರದಲ್ಲಿದೆ, ನಡುಹಂಗಾಮಿನಲ್ಲಿ ಅಲ್ಲ.

ಹದಿನೈದು ದಿನಗಳ ಪಣ

ಎಲ್ಲಕ್ಕಿಂತ ನಿರ್ಣಾಯಕವಾದುದು ಸೂಲಂಗಿ ಹೊರಡುವ ವಾರದಿಂದ ಕಾಳು ಕಚ್ಚುವವರೆಗಿನ ಹದಿನೈದು ದಿನ. ತೆನೆಯ ತುದಿಯಲ್ಲಿ ಹೊರಬರುವ ರೇಷ್ಮೆಯಂತಹ ಎಳೆಗಳಲ್ಲಿ ಪ್ರತಿಯೊಂದೂ ಒಂದೊಂದು ಕಾಳಿಗೆ ಸೇರಿದ್ದು. ಸೂಲಂಗಿಯ ಪರಾಗ ವಾರದ ಆಸುಪಾಸಿನಲ್ಲಿ ಉದುರಿ ಮುಗಿಯುತ್ತದೆ. ನೆಲದಲ್ಲಿ ತೇವವಿಲ್ಲದಿದ್ದರೆ ಎಳೆಗಳು ತಡವಾಗಿ ಹೊರಬರುತ್ತವೆ, ಅಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಪರಾಗ ಸಿಗದ ಎಳೆಯ ಕೆಳಗೆ ಕಾಳಿಲ್ಲ, ಖಾಲಿ ಬೆಂಡು ಮಾತ್ರ. ಎಲೆ ಬೆಳೆಯುವ ಕಾಲದಲ್ಲಿ ಆದ ನಷ್ಟವನ್ನು ಮೆಕ್ಕೆಜೋಳ ಮುಂದಿನ ಮಳೆಗೆ ಅಷ್ಟಿಷ್ಟು ತುಂಬಿಕೊಂಡೀತು. ಈ ಹದಿನೈದು ದಿನದ ನಷ್ಟಕ್ಕೆ ಪರಿಹಾರವಿಲ್ಲ.

2023 ಇದಕ್ಕೆ ಕಣ್ಣೆದುರಿನ ಸಾಕ್ಷಿ. ಆ ವರ್ಷ ಜುಲೈ ಮಳೆ ಭರವಸೆ ಹುಟ್ಟಿಸಿತು, ಹೊಲಗಳು ಹಸಿರಾಗಿದ್ದವು. ಆಗಸ್ಟ್ ಕೈಕೊಟ್ಟಿತು. ದೇಶದಲ್ಲಿ 1901ರಿಂದ ದಾಖಲಾದ ಆಗಸ್ಟ್ ತಿಂಗಳುಗಳಲ್ಲೇ ಅತಿ ಶುಷ್ಕವಾದುದು ಅದು, ಕೊರತೆ ಶೇ. 36. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು, ಪಟ್ಟಿ ಆಮೇಲೆ ಇನ್ನೂ ಬೆಳೆಯಿತು. ರಸ್ತೆಯಿಂದ ನೋಡಿದವರಿಗೆ ಆಳೆತ್ತರದ ಬೆಳೆ. ಸಿಪ್ಪೆ ಸುಲಿದು ನೋಡಿದರೆ ಹಲ್ಲುದುರಿದ ಬಾಯಿಯಂತಹ ತೆನೆ.

ಈ ಹಂತದ ನಷ್ಟವನ್ನು ಅಳೆಯಲು ಸರಳ ಲೆಕ್ಕವೊಂದಿದೆ. ಖರೀದಿಗೆ ಹೊರಡುವ ವರ್ತಕರಿಗೂ ಸಾಲದ ಅಂದಾಜು ಮಾಡುವ ಬ್ಯಾಂಕಿನವರಿಗೂ ಇದು ಉಪಯುಕ್ತ. 60 ಸೆಂಟಿಮೀಟರ್ ಅಂತರದ ಸಾಲಿನಲ್ಲಿ ಆರೂಮುಕ್ಕಾಲು ಮೀಟರ್ ಉದ್ದ ಅಳೆದರೆ ಅದು ಎಕರೆಯ ಸಾವಿರದ ಒಂದು ಭಾಗ. ಅಲ್ಲಿರುವ ತೆನೆಗಳನ್ನು ಎಣಿಸಬೇಕು, ಮೂರು ನಾಲ್ಕು ತೆನೆ ಸುಲಿದು ಕಾಳಿನ ಸಾಲುಗಳನ್ನೂ ಸಾಲಿಗೊಂದರ ಕಾಳುಗಳನ್ನೂ ಎಣಿಸಬೇಕು. 27 ತೆನೆ, ತೆನೆಗೆ 14 ಸಾಲು, ಸಾಲಿಗೆ 28 ಕಾಳು ಎಂದಿಟ್ಟುಕೊಂಡರೆ ತೆನೆಗೆ 392 ಕಾಳು. ಸಾವಿರ ಕಾಳಿನ ತೂಕ 250 ಗ್ರಾಂ ಹಿಡಿದರೆ ತೆನೆಗೆ 98 ಗ್ರಾಂ, ಎಕರೆಗೆ 26 ಕ್ವಿಂಟಲ್‌ಗೆ ತುಸು ಮೇಲೆ. ಹೂಬಿಡುವ ವೇಳೆ ಮಳೆ ತಪ್ಪಿ ಸಾಲಿಗೆ 20 ಕಾಳು ಮಾತ್ರ ಕಟ್ಟಿದರೆ ಅದೇ ಹೊಲ 19 ಕ್ವಿಂಟಲ್‌ಗೆ ಇಳಿಯುತ್ತದೆ. ಗೊಬ್ಬರ, ಬೀಜ, ಕೂಲಿ ಯಾವುದೂ ಕಡಿಮೆಯಾಗಿರುವುದಿಲ್ಲ, ಏಳೂವರೆ ಕ್ವಿಂಟಲ್ ಮಾತ್ರ ಕಡಿಮೆಯಾಗಿರುತ್ತದೆ. 2025-26ನೇ ಸಾಲಿನ ಬೆಂಬಲ ಬೆಲೆಯಾದ ರೂ. 2,400ರ ದರದಲ್ಲಿ ಅದು ಎಕರೆಗೆ 18,000 ರೂಪಾಯಿ. ನಾಲ್ಕು ಎಕರೆಯವನ ಮನೆಯಲ್ಲಿ ಈ ಮೊತ್ತ ಮಗಳ ಮದುವೆಯನ್ನು ಮುಂದೂಡಬಲ್ಲದು.

ಮಳೆ ತಪ್ಪಿದಾಗ ಮಾಡಬಹುದಾದುದು ಅಲ್ಪವೇ. ಬೆಳೆ ಇನ್ನೂ ಗಿಡ್ಡವಿದ್ದರೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚಬಹುದು. ಹೂವಿಗೆ ಬಂದ ಮೇಲೆ ಅದೂ ಇಲ್ಲ, ನೀರೊಂದೇ ದಾರಿ. ಎಕರೆಗೆ ಐದು ಸೆಂಟಿಮೀಟರ್‌ನಷ್ಟು ನೀರುಣಿಸಲು ಎರಡು ಲಕ್ಷ ಲೀಟರ್ ಬೇಕು. ಸಾಲು ಬಿಟ್ಟು ಸಾಲಿಗೆ ಹಾಯಿಸಿದರೆ ಅರ್ಧದಲ್ಲಿ ಮುಗಿಯುತ್ತದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಸಾರ್ಥಕವಾಗುವುದು ಇಂತಹ ಒಂದೇ ಒಂದು ನೀರಿಗಾಗಿ. ಜುಲೈನಲ್ಲಿ ತುಂಬಿದ ಹೊಂಡವನ್ನು ಅವಸರಪಟ್ಟು ಮೊಣಕಾಲೆತ್ತರದ ಬೆಳೆಗೆ ಖಾಲಿ ಮಾಡಿದವರು ಆಗಸ್ಟ್‌ನಲ್ಲಿ ಪರಿತಪಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಎಂಟು ಹತ್ತು ದಿನ ಮಳೆಯಿಲ್ಲದಿದ್ದರೆ ತೆಳುವಾದ ಕೆಂಪು ಮಣ್ಣಿನ ಹೊಲ ಮಧ್ಯಾಹ್ನದೊಳಗೇ ಎಲೆ ಸುತ್ತಿಕೊಳ್ಳುತ್ತದೆ. ಆಳವಾದ ಎರೆ ಭೂಮಿ ಇನ್ನೂ ಒಂದು ವಾರ ತಾಳೀತು. ನೀರಿನ ಸರದಿಯಲ್ಲಿ ಕೆಂಪು ಮಣ್ಣಿನ, ಹೂವಿಗೆ ಬಂದ ಹೊಲಕ್ಕೆ ಮೊದಲ ಪ್ರಾಶಸ್ತ್ಯ ಸಲ್ಲಬೇಕು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗಳಿಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ. 2 ಮಾತ್ರ. ನೋಂದಣಿಯ ಕಡೆಯ ದಿನ ಬೆಳೆ ಚೆನ್ನಾಗಿ ಕಾಣುವ ಜುಲೈ, ಆಗಸ್ಟ್‌ನಲ್ಲಿಯೇ ಬರುವುದರಿಂದ ಉದಾಸೀನ ಮಾಡುವವರೇ ಹೆಚ್ಚು. ಆಲಿಕಲ್ಲು, ನೀರು ನಿಲ್ಲುವುದು ಮೊದಲಾದ ಸ್ಥಳೀಯ ವಿಪತ್ತುಗಳಿಗೆ 72 ಗಂಟೆಗಳೊಳಗೆ ದೂರು ಸಲ್ಲಿಸಬೇಕೆಂಬ ನಿಯಮವನ್ನೂ ಅಷ್ಟೇ ಸುಲಭವಾಗಿ ಮರೆಯಲಾಗುತ್ತದೆ.

ಒಳ್ಳೆಯ ಬೆಳೆಯ ಕಷ್ಟ

ಬೆಳೆ ಕೆಟ್ಟ ವರ್ಷದ ಕಥೆ ಎಲ್ಲರಿಗೂ ಗೊತ್ತು. ಒಳ್ಳೆಯ ಬೆಳೆಯೂ ಕಷ್ಟ ತರಬಲ್ಲದು. ಸೈನಿಕ ಹುಳುವಿನ ಹಾವಳಿಯ ಬೆನ್ನಿಗೆ 2019ರಲ್ಲಿ ಕಾಳಿನ ಅಭಾವವುಂಟಾಗಿ ದರ ಬೆಂಬಲ ಬೆಲೆಯನ್ನು ದಾಟಿ ಏರಿತು. ಕೋಳಿ ಸಾಕಾಣಿಕೆದಾರರ ಒತ್ತಡಕ್ಕೆ ಕೇಂದ್ರ ಸರ್ಕಾರ ರಿಯಾಯಿತಿ ಸುಂಕದಲ್ಲಿ ಆಮದಿಗೆ ಅವಕಾಶ ನೀಡಿತು. ಮರುವರ್ಷ ಕೋಳಿ ತಿಂದರೆ ಕೊರೊನಾ ಬರುವುದೆಂಬ ಸುಳ್ಳು ಸುದ್ದಿಗೆ ಕೋಳಿ ಉದ್ಯಮ ಕುಸಿದು, ಅದರೊಡನೆ ಮೆಕ್ಕೆಜೋಳದ ದರವೂ ನೆಲ ಕಚ್ಚಿತು. ಕೋಳಿ ಆಹಾರದ ಅರ್ಧಕ್ಕೂ ಮಿಕ್ಕಿದ ಭಾಗ ಮೆಕ್ಕೆಜೋಳವೇ ಆಗಿರುವುದರಿಂದ ಇವೆರಡರ ಅದೃಷ್ಟ ಒಂದೇ ಹಗ್ಗಕ್ಕೆ ಕಟ್ಟಲ್ಪಟ್ಟಿದೆ.

ಆಮೇಲೆ ಬಂದದ್ದು ಎಥನಾಲ್. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಬಳಕೆಗೆ ನಿರ್ಬಂಧ ಬಿದ್ದುದರಿಂದಲೂ, 2024ರ ಜನವರಿಯಲ್ಲಿ ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ ರೂ. 71.86 ದರ ನಿಗದಿಯಾದುದರಿಂದಲೂ ಡಿಸ್ಟಿಲರಿಗಳು ಪೇಟೆಗಿಳಿದವು. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತದೆ. ದರ ಏರಿತು, ರೈತರು ವಿಸ್ತೀರ್ಣ ಹೆಚ್ಚಿಸಿದರು. 2025ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮದ ಅಕ್ಕಿಯನ್ನು ಎಥನಾಲ್‌ಗಾಗಿ ಕ್ವಿಂಟಲ್‌ಗೆ ರೂ. 2,250ರಂತೆ ಕೊಡುವ ತೀರ್ಮಾನವಾಯಿತು. ಅದೇ ವರ್ಷ ಮೆಕ್ಕೆಜೋಳದ ಬೆಂಬಲ ಬೆಲೆ ರೂ. 2,400. ಬೆಂಬಲ ಬೆಲೆ ಕೊಟ್ಟು ಮೆಕ್ಕೆಜೋಳ ಕೊಳ್ಳುವುದಕ್ಕಿಂತ ಅಕ್ಕಿಯೇ ಅಗ್ಗ ಬೀಳುವಾಗ ಡಿಸ್ಟಿಲರಿಯವರು ಯಾವುದರತ್ತ ಹೊರಳುವರೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ.

ಪರಿಣಾಮ 2025ರ ನವೆಂಬರ್‌ನಲ್ಲಿ ಗೋಚರವಾಯಿತು. ರಾಜ್ಯದ ಪ್ರಾಂಗಣಗಳಲ್ಲಿ ಕ್ವಿಂಟಲ್‌ಗೆ ರೂ. 1,600ರಿಂದ 1,800ರ ಆಸುಪಾಸಿಗೆ ದರ ಇಳಿಯಿತು. ಗದಗ, ಹಾವೇರಿ ಜಿಲ್ಲೆಗಳಲ್ಲಿ ರೈತರು ಧರಣಿ ಕುಳಿತರು. ಮುಖ್ಯಮಂತ್ರಿಯವರು ಪ್ರಧಾನಮಂತ್ರಿಯವರಿಗೆ ಪತ್ರ ಬರೆದರು. ಡಿಸ್ಟಿಲರಿಗಳೂ ಪಶು ಆಹಾರ ಘಟಕಗಳೂ ರೈತರಿಂದ ಖರೀದಿಸಬೇಕೆಂದು ರಾಜ್ಯ ಸರ್ಕಾರ ಸೂಚಿಸಿತು. ಮೇಲೆ ಲೆಕ್ಕ ಹಾಕಿದ 26 ಕ್ವಿಂಟಲ್‌ನ ಒಳ್ಳೆಯ ಹೊಲ ರೂ. 1,700ರ ದರದಲ್ಲಿ ತರುವುದು 44,200 ರೂಪಾಯಿ. ಬರದಲ್ಲಿ ಸೊರಗಿದ 19 ಕ್ವಿಂಟಲ್‌ನ ಹೊಲ ರೂ. 2,400ರ ದರದಲ್ಲಿ ತರುವುದು 45,600. ಚೆನ್ನಾಗಿ ದುಡಿದವನಿಗೆ ಕಡಿಮೆ ಬರುವ ಈ ವಿಪರ್ಯಾಸಕ್ಕೆ ರೈತನನ್ನು ಹೊಣೆ ಮಾಡಲಾಗದು. ನಡುಹಂಗಾಮಿನ ವಿಸ್ತೀರ್ಣ ಮತ್ತು ಬೆಳೆ ಸ್ಥಿತಿಯ ವರದಿಗಳು ಜುಲೈನಲ್ಲಿಯೇ ಲಭ್ಯವಿರುವಾಗ ಖರೀದಿಯ ಸಿದ್ಧತೆ ನವೆಂಬರ್‌ನ ಧರಣಿಗೆ ಕಾಯಬೇಕಿರಲಿಲ್ಲ ಎನ್ನದೆ ವಿಧಿಯಿಲ್ಲ.

ಎರಡನೆಯ ಕಂತಿನ ಯೂರಿಯಾ ಹಾಕಬೇಕೆ, ಇನ್ನೊಂದು ಸಿಂಪಡಣೆ ಮಾಡಬೇಕೆ ಎಂದು ಜುಲೈ ಕಡೆಯಲ್ಲಿ ಯೋಚಿಸುವ ರೈತನಿಗೆ ಮುಂದಿನ ದರ ತಿಳಿದಿರುವುದಿಲ್ಲ. ದರದ ಅಂಜಿಕೆಗೆ ಅರ್ಧ ಚೀಲ ಯೂರಿಯಾ ಉಳಿಸಿದರೆ ಉಳಿಯುವುದು ನೂರಮೂವತ್ತು ರೂಪಾಯಿ. ಸೂಲಂಗಿಯ ಹಂತದಲ್ಲಿ ಅದು ಬೀಳದಿದ್ದರೆ ಹೋಗುವುದು ಅದರ ಹಲವು ಪಟ್ಟು. ಉಳಿತಾಯಕ್ಕೆ ಅವಕಾಶವಿರುವುದು ಅಗತ್ಯಕ್ಕೆ ಮೀರಿದ ಮೂರನೆಯ ಚೀಲದಲ್ಲಿ, ಹುಳು ಎಣಿಸದೆ ಹೊಡೆಯುವ ಔಷಧಿಯಲ್ಲಿ, ಮತ್ತು ಕಡೆಯದಾಗಿ ತೇವಾಂಶದಲ್ಲಿ.

ತೇವಾಂಶದ ಲೆಕ್ಕ ಪ್ರಾಂಗಣದವರಿಗೆ ಚೆನ್ನಾಗಿ ಗೊತ್ತು, ಹೊಲದಲ್ಲಿ ಅದು ಅಷ್ಟಾಗಿ ತಿಳಿದಿಲ್ಲ. ಕಾಳಿನ ಬುಡದಲ್ಲಿ ಕಪ್ಪು ಪದರ ಕಂಡಾಗ ಬೆಳೆ ಬಲಿತಿದೆಯೆಂದರ್ಥ. ಆಗಲೂ ಕಾಳಿನಲ್ಲಿ ಶೇ. 30ಕ್ಕೂ ಹೆಚ್ಚು ನೀರಿರುತ್ತದೆ. ವ್ಯಾಪಾರ ನಡೆಯುವುದು ಶೇ. 14ರ ಆಧಾರದ ಮೇಲೆ. ಶೇ. 20 ತೇವಾಂಶದ 100 ಕ್ವಿಂಟಲ್ ಮಾಲನ್ನು ಶೇ. 14ಕ್ಕೆ ಒಣಗಿಸಿದರೆ ಉಳಿಯುವುದು 93 ಕ್ವಿಂಟಲ್. ಹಸಿ ಮಾಲಿಗೆ ಕ್ವಿಂಟಲ್‌ಗೆ ನೂರೈವತ್ತು ಇನ್ನೂರು ರೂಪಾಯಿ ಕಡಿಮೆ ಕೂಗಿದಾಗ ಅದರಲ್ಲಿ ನೀರಿನ ತೂಕವೆಷ್ಟು, ವರ್ತಕನ ಮುನ್ನೆಚ್ಚರಿಕೆಯೆಷ್ಟು ಎಂಬುದನ್ನು ರೈತ ಈ ಲೆಕ್ಕದಿಂದ ತಾನೇ ಬಿಡಿಸಿಕೊಳ್ಳಬಹುದು: ರೂ. 1,700ರ ದರದಲ್ಲಿ ನೀರಿನ ಪಾಲು ಕ್ವಿಂಟಲ್‌ಗೆ ಸುಮಾರು 119 ರೂಪಾಯಿ. ಉಳಿದದ್ದು ಒಣಗಿಸುವ ಖರ್ಚು ಮತ್ತು ಬೂಷ್ಟಿನ ಭಯ. ಆ ಭಯ ಸುಳ್ಳಲ್ಲ. ಹಸಿಯಾಗಿ ರಾಶಿ ಹಾಕಿದ ಕಾಳಿನಲ್ಲಿ ಅಫ್ಲಟಾಕ್ಸಿನ್ ಬೆಳೆದರೆ ಕೋಳಿ ಆಹಾರದವರು ಇಡೀ ಲಾರಿಯನ್ನೇ ಹಿಂದಿರುಗಿಸುತ್ತಾರೆ. ಹೆದ್ದಾರಿಯ ಒಂದು ಪಕ್ಕವನ್ನೇ ಕಣ ಮಾಡಿಕೊಂಡು, ಹತ್ತಿ ಮಳೆಯ ಮೋಡ ಕಂಡೊಡನೆ ತಾಡಪಾಲು ಎಳೆಯಲು ಓಡುವ ದೃಶ್ಯ ಪ್ರತಿ ಅಕ್ಟೋಬರ್‌ನಲ್ಲಿಯೂ ಮರುಕಳಿಸುತ್ತದೆ. ಒಣಕಣ ಮತ್ತು ತಾಡಪಾಲುಗಳಿಗೆ ಸಹಕಾರ ಸಂಘಗಳಲ್ಲಿ ಹೆಸರು ಬರೆಸಲು ಜುಲೈ, ಆಗಸ್ಟ್‌ನ ಬಿಡುವೇ ತಕ್ಕ ಸಮಯ. ಸೂಲಂಗಿ ಹೊರಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಐವತ್ತು ದಿನ ಎಣಿಸಿದರೆ ಕಟಾವು ಯಾವ ಮಳೆಯಲ್ಲಿ ಬೀಳಲಿದೆ ಎಂಬುದು ಅಂದೇ ತಿಳಿಯುತ್ತದೆ.